ಎಂಟು ಸೊನ್ನೆಗಳು

ಕೋಡಿಬಾಗದ ಲ್ಯಾಬಿನಲ್ಲಿ ರಾತ್ರಿ ಹನ್ನೊಂದೂವರೆ.
ಕಾಳಿ ನದಿಯ ಬಾಯಲ್ಲಿ ಉಬ್ಬರ ಎಷ್ಟು ಏರೀತೆಂದು
ಎಂಟು ಕೋರುಗಳಿಗೆ ಹಂಚಿ ಕೇಳಿದ್ದೆ.
ಎಂಟೂ ಒಂದೇ ಉತ್ತರ ಕೊಟ್ಟವು:
ನಾನು ಸೊನ್ನೆ. ಒಟ್ಟು ನಾನೊಬ್ಬನೇ.

ಎರರ್ ಇಲ್ಲ, ಕೆಂಪು ಅಕ್ಷರವಿಲ್ಲ.
ಒಂದೇ ಫೈಲಿನ ಮೇಲೆ
ಎಂಟು ಜನ ಒಂಟಿಗರ ಕೈಬರಹ.

ರಂಪಣಿ ಎಳೆಯುವ ಮೊದಲು ಅಜ್ಜ ಪುರ್ಸು ತಾಂಡೇಲ
ದಂಡೆಯಲ್ಲಿ ತಲೆ ಎಣಿಸುತ್ತಿದ್ದ.
ಕೂಗು ಹಾಕುವವ ಒಬ್ಬನೇ ಇರಬೇಕು,
ಇಬ್ಬರಾದರೆ ಮೀನು ನಗುತ್ತದೆ ಅನ್ನುತ್ತಿದ್ದ.

ವಿಚ್ ಎಂದು ಒತ್ತಿದೆ: ಓಡಿಸುವವನು ಓಪನ್‌ಎಂಪಿಐ.
ಎಲ್‌ಡಿಡಿ ಎಂದೆ: ಒಳಗೆ ಕೂತ ಲೈಬ್ರರಿ ಎಂಪಿಚ್.
ಕರೆದವನ ನುಡಿ ಬೇರೆ, ಬಂದವರ ಕಿವಿ ಬೇರೆ.
ಯಾವ ಪುಣ್ಯಾತ್ಮ ತಂದಿಟ್ಟ ಈ ಎರಡನೆಯದನ್ನು?
ಫೋಲ್ಡರಿನ ತಾರೀಖು, ಕಳೆದ ಚೌತಿಯ ಮರುದಿನ.
ರಜೆಯಲ್ಲಿ ಕೀಲಿಕೈ ಇದ್ದದ್ದು
ನನ್ನ ಹತ್ತಿರ ಮಾತ್ರ.

ಕಿತ್ತೆ. ಪಾತ್ ತಿದ್ದಿದೆ. ಹಳೆಯ ಆಬ್ಜೆಕ್ಟ್ ಫೈಲುಗಳನ್ನೆಲ್ಲ ಗುಡಿಸಿ
ಬುಡದಿಂದ ಕಂಪೈಲ್ ಮಾಡಿದೆ, ತಣ್ಣಗಾದ ಚಹಾ ಕುಡಿದೆ.

ಸೊನ್ನೆ, ಐದು, ಎರಡು, ಏಳು,
ಸಾಲಾಗಿ ಅಲ್ಲ, ಬಾಯಿಗೆ ಬಂದ ಹಾಗೆ ಹಾಜರಿ.
ಆರು, ಒಂದು, ನಾಲ್ಕು.
ಬೆರಳು ಮಡಿಸಿ ಎಣಿಸಿದೆ. ಮೂರು ಎಲ್ಲಿ?
ಹೊರಗೆ ಸೇತುವೆಯ ಮೇಲೆ ಒಂದು ಲಾರಿ ದಾಟಿತು.

ಮೂರು ಬಂತು.