ಎಂಟರ ಲೆಕ್ಕ

ಎಣಿಸುವುದು ನನ್ನ ಕೆಲಸ.
ಬ್ವಿಂಡಿ ಕಾಡಿನ ರುಹಿಜಾ ಗೇಟಿನಲ್ಲಿ
ಆಲೂಗಡ್ಡೆ ಹೊಲಗಳ ಮೇಲೆ ಮಂಜು ಇನ್ನೂ ಮಗ್ಗುಲಾಗದ ಹೊತ್ತು
ಅತಿಥಿಗಳನ್ನು ಎಣಿಸುತ್ತೇನೆ: ಎಂಟು.
ಏಳಾದರೆ ಸರಿ. ಒಂಬತ್ತಾದರೆ ಇಲ್ಲ.
ದೊಡ್ಡ ದೇಶದ ದೊಡ್ಡ ಮನುಷ್ಯನಾದರೂ,
ಮಧುಚಂದ್ರದ ಜೋಡಿಯಲ್ಲಿ ಒಬ್ಬಳೇ ಹೊರಗುಳಿದು
ಬೂಟಿನ ದಾರ ಬಿಚ್ಚುತ್ತ ಅತ್ತರೂ,
ಇಲ್ಲ.

ಆಮೇಲೆ ಪಾಠ ಒಪ್ಪಿಸುತ್ತೇನೆ.
ಹತ್ತು ಮೀಟರ್ ದೂರ. ಒಂದೇ ಒಂದು ಗಂಟೆ.
ಮೂಗು ಬಾಯಿ ಮುಚ್ಚುವ ಮಾಸ್ಕು.
ಉಗುಳಬೇಡಿ. ಕೈ ಚಾಚಬೇಡಿ.
ಹೊಟ್ಟೆ ಕೆಟ್ಟರೆ ಮೊಣಕೈ ಮುಳುಗುವಷ್ಟು ಗುಂಡಿ ತೋಡಿ.
ಇಲ್ಲಿ ಎಲ್ಲರೂ ನಗುತ್ತಾರೆ.
ನಗಲೆಂದೇ ಹೇಳುವುದು:
ಕಫ ಕಟ್ಟಿದ ಗಂಟಲು ನಗುವಾಗ ಗೊತ್ತಾಗುತ್ತದೆ.

ಯಾಕೆ ಎಂಟೇ ಎಂದು ಒಬ್ಬರಾದರೂ ಕೇಳುತ್ತಾರೆ.
ಮರಗಪ್ಪೆಗೆ ನಿಮ್ಮ ನೆಗಡಿ ತಾಗದು, ಹಾವಿಗೆ ತಾಗದು,
ದಾಯಾದಿಗೆ ತಾಗುತ್ತದೆ ಎನ್ನುತ್ತೇನೆ.
ನಂಟಿದ್ದಲ್ಲೇ ಅಂಟು.
ಅದಕ್ಕೇ ಎಂಟು.

ಕೋವಿ ಹಿಡಿದು ಮುಂದೊಬ್ಬ, ಹಿಂದೊಬ್ಬ,
ನಸುಕಿಗೇ ಒಳಹೊಕ್ಕ ಜಾಡುಗಾರರು ನಾಲ್ವರು,
ಚೀಲ ಹೊರುವವರು,
ಇವರು ಯಾರೂ ಎಂಟರೊಳಗೆ ಬರುವುದಿಲ್ಲ.
ಕೆಮ್ಮಿದೆಯೇ ಎಂದು ನಾನು ಕೇಳುವುದು ದುಡ್ಡು ಕೊಟ್ಟವರನ್ನು.

ಆ ಗುರುವಾರ ಹದಿನಾಲ್ಕನೆಯ ಬಿಲ್ಲೆಯ ಸರದಿ, ಕ್ಯಾರಿಸೀಮಳದು.
ಹನ್ನೊಂದು ದಿನಕ್ಕೊಮ್ಮೆ ಬರುವ ಸರದಿ.
ಮಗನ ಶಾಲೆಯ ಫೀಸು ಬಾಕಿಯಿದೆಯೆಂದು
ಇಡೀ ಇಳಿಜಾರಿಗೇ ಗೊತ್ತು.
ನೀಲಿ ಅಂಗಿ ತೊಟ್ಟು ಬಂದವಳು
ಬಿಲ್ಲೆಯನ್ನು ನನ್ನ ಮೇಜಿನ ಮೇಲಿಟ್ಟು
ಎರಡು ಹೆಜ್ಜೆ ಹಿಂದೆ ಸರಿದಳು.
"ರಾತ್ರಿಯಿಂದ ಗಂಟಲು ಕೆರೆತ.
ನೀನು ಕೇಳಲಿಲ್ಲ.
ಅದಕ್ಕೆ ನಾನೇ ಹೇಳುತ್ತಿದ್ದೇನೆ."

ಹದಿನೈದನೆಯ ಬಿಲ್ಲೆ ಎದ್ದು ಚೀಲ ಹೆಗಲಿಗೇರಿಸಿತು.

ಅದೇ ಬೆಳಿಗ್ಗೆ, ಕಿತ್ತಳೆ ಬಣ್ಣದ ಜಾಕೆಟ್ಟಿನವನ ಬಾಯಲ್ಲಿ
ಪುದೀನ ಗುಳಿಗೆಯ ವಾಸನೆ ಬಂತು.
ಕೇಳಿದೆ. ಧೂಳಿಗೆ ಹೀಗಾಗುತ್ತದೆ ಎಂದ.
ಮಳೆ ನಿಂತು ಇನ್ನೂ ಎರಡು ತಾಸಾಗಿರಲಿಲ್ಲ,
ಧೂಳೆಲ್ಲಿ?
ಎಂಟು ನೂರು ಡಾಲರು, ಎರಡು ವರ್ಷ ಕೂಡಿಟ್ಟದ್ದು ಎಂದ.
ಬಿಟ್ಟೆ.
ಹೌದು, ಬಿಟ್ಟೆ.

ಮೂರು ಗಂಟೆ ಕತ್ತಿಯಿಂದ ಬಳ್ಳಿ ಸವರುತ್ತ ನಡೆದೆವು.
ಕಾಡುಸೆಲರಿಯ ಹಸಿ ವಾಸನೆ, ಆಮೇಲೆ ಅವುಗಳ ಬೆವರಿನ ವಾಸನೆ.
ಬೆಳ್ಳಿಬೆನ್ನಿನ ಯಜಮಾನ ನಮ್ಮತ್ತ ನೋಡಿ
ಬೇಡದ ನೆಂಟರನ್ನು ನೋಡಿದಂತೆ ಮುಖ ತಿರುಗಿಸಿದ.
ನಾನು ಎಣಿಸಿದೆ: ಹತ್ತು, ಹನ್ನೊಂದು,
ತಾಯಿಯ ತೋಳಿನ ಸಂದಿಯಿಂದ
ಒದ್ದೆ ಅಂಗೈಯೊಂದು ಹೊರಬಂತು,
ಹನ್ನೆರಡು.
ಅದಕ್ಕೆ ಹತ್ತು ಮೀಟರಿನ ಪಾಠ ಯಾರೂ ಹೇಳಿರಲಿಲ್ಲ.
ತೆವಳುತ್ತ ಬಂತು, ಕಿತ್ತಳೆ ಬಣ್ಣದ ಕಡೆಗೇ.

ಅವನ ಕುತ್ತಿಗೆಯ ನರ ಬಿಗಿಯಿತು. ಕಣ್ಣಲ್ಲಿ ನೀರು.
ಒಳಗೆ ಕೆಮ್ಮು ಒದೆಯುತ್ತಿರುವುದು ಕಂಡೆ.

ಗಡಿಯಾರದಲ್ಲಿ ಮೂವತ್ತೆಂಟು.
"ಗಂಟೆಯಾಯಿತು," ಎಂದೆ, ಮೆಲ್ಲಗೆ, ಪಕ್ಕಾ ಸರ್ಕಾರಿ ದನಿಯಲ್ಲಿ.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ತಪ್ಪು ಎಣಿಸಿದೆ.
ಯಾರೂ ಕೈಗಡಿಯಾರ ನೋಡಿಕೊಳ್ಳಲಿಲ್ಲ,
ಒಬ್ಬಾಕೆ ಮಾತ್ರ ನೋಡಿದಳು, ಏನೂ ಹೇಳಲಿಲ್ಲ.

ಸಂಜೆ ಪುಸ್ತಕದಲ್ಲಿ ಬರೆದೆ:
ಅತಿಥಿಗಳು ಎಂಟು. ನಿಮಿಷ ಅರವತ್ತು. ಹೊಸ ಮರಿ ಒಂದು.
ಬಾರದೆ ಉಳಿದವರ ಹೆಸರಿಗೆ
ಆ ಪುಸ್ತಕದಲ್ಲಿ ಗೆರೆ ಎಳೆದಿಲ್ಲ.

ಇಳಿಜಾರಿನಲ್ಲಿ ಮನೆಗೆ ಹೋಗುವ ದಾರಿ
ಕ್ಯಾರಿಸೀಮಳ ಬಾಳೆಗಿಡಗಳನ್ನು ಬಳಸಿಕೊಂಡು ಹೋಗುತ್ತದೆ.
ಹುಲ್ಲುಮಾಡಿನೊಳಗಿಂದ ಹೊಗೆ.
ಹೊಗೆಯ ಹಿಂದೆ ಕೆಮ್ಮು.

ಕತ್ತಲಲ್ಲಿ ನಿಂತು ಎಣಿಸಿದೆ.