ನೋಡದಿರುವ ಹೋಮ್‌ವರ್ಕು

ಮಂಗಳವಾರ ನಾಲ್ಕು ಗಂಟೆಗೆ ಗಿರಣಿ ನಿಲ್ಲಿಸುತ್ತೇನೆ.
ಪಾಂಡವಪುರದ ಸ್ಟೇಷನ್ ರಸ್ತೆಗೆಲ್ಲ ಈಗ ಗೊತ್ತು,
ಆದರೂ ಯಾರಾದರೊಬ್ಬರು ಡಬ್ಬ ಹಿಡಿದು ಬಂದೇ ಬರುತ್ತಾರೆ.
"ಮುಕ್ಕಾಲು ಗಂಟೆ ತಡ್ಕಳಿ" ಎಂದು
ಬಾಗಿಲು ಅರ್ಧ ಎಳೆಯುತ್ತೇನೆ.

ಫೋನನ್ನು ಸೇರಿಗೆ ಒರಗಿಸಿ
ಗಾಜಿನ ಮೇಲಿನ ಹಿಟ್ಟು ಸೆರಗಿನಲ್ಲಿ ಒರೆಸಿದರೆ
ಮೈಸೂರಿನಿಂದ ಜಬೀನಾ ಮೇಡಂ.
ಅವರ ಹಿಂದೆ ಒಂದು ಕಿಟಕಿ,
ಕಿಟಕಿಯ ಸರಳಿಗೆ ನೇತುಹಾಕಿದ ಹಸಿರು ಕೊಡೆ.
"ನಿಶ್ಚಲ್, ಈ ವಾರ ಹೇಗಿತ್ತು?"

ಹೆಸರಿಟ್ಟವರು ನಾವೇ.
ಹೊಟ್ಟೆಯೊಳಗೆ ಒಂದು ಗಳಿಗೆ ಸುಮ್ಮನಿರದೆ ಒದೆಯುತ್ತಿದ್ದನೆಂದು
ಅವರಪ್ಪ ತಮಾಷೆಗೆ ಇಟ್ಟದ್ದು.

ಮೊದಲು ಕಣ್ಣು.
ಗಿರಣಿಯ ಮಗು, ಧೂಳು ಬಿದ್ದಿದೆ ಎಂದೆ.
ಆಮೇಲೆ ಬಲ ಭುಜ.
ಆಮೇಲೆ ಗಂಟಲಿನಿಂದ ಒಂದು ಹ್ಞುಕ್.
ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು,
"ಘಾಟೇ ಬರಲಿಲ್ಲ ನೋಡು, ದೃಷ್ಟಿಯೇ" ಎಂದರು;
ನಾನು ಹಿತ್ತಲಲ್ಲಿ ಕೆಮ್ಮುತ್ತಿದ್ದೆ.
ಮೇಷ್ಟ್ರು ಹಿಂದಿನ ಬೆಂಚಿಗೆ ಕಳಿಸಿದರು.
ನಾನು (ಇದನ್ನು ಬರೆಯದಿದ್ದರೂ ನಡೆಯುತ್ತಿತ್ತು)
ಒಂದು ರಾತ್ರಿ ಆ ಭುಜವನ್ನು
ಎರಡೂ ಕೈಯಲ್ಲಿ ಅದುಮಿ ಹಿಡಿದೆ.
ಹಿಡಿದ ಕೈಯ ಕೆಳಗೇ ಅದು ಬಂತು, ಹೋಯಿತು,
ಮೂಟೆಯಲ್ಲಿ ಸಿಕ್ಕಿಕೊಂಡ ಇಲಿಯ ಹಾಗೆ.
ಅವನು ಅಳಲಿಲ್ಲ.
"ಬುಡವ್ವ, ಅದು ಮುಗೀಲಿ" ಎಂದ.

ಮೇಡಂ ಕೇಳಿದ್ದು ಯಾರೂ ಕೇಳದಿದ್ದುದನ್ನು:
ಬರುವ ಮುಂಚೆ ಏನನ್ನಿಸುತ್ತೆ?
ಎಷ್ಟು ಹೊತ್ತು ಯೋಚಿಸಿದನೆಂದರೆ
ನೆಟ್‌ವರ್ಕ್ ಹೋಯಿತೇನೋ ಎಂದು ಮೇಡಂ ಹಲೋ ಅಂದರು.
"ಸ್ವಿಚ್ ಹಾಕಿದ ಮೇಲೆ, ಕಲ್ಲು ತಿರುಗೋಕೆ ಮುಂಚೆ
ಬೆಲ್ಟು ಒಂಚೂರು ನಡುಗುತ್ತಲ್ಲ ಮೇಡಂ,
ಹಂಗೆ. ಇಲ್ಲಿ."
ಕತ್ತಿನ ಬುಡ ಮುಟ್ಟಿ ತೋರಿಸಿದ.

ಹನ್ನೊಂದು ವರ್ಷ ಆ ಬೆಲ್ಟಿನ ಪಕ್ಕ ನಿಂತಿದ್ದೇನೆ.
ಅದು ನಡುಗುವುದನ್ನು ಮೊದಲು ನೋಡಿದ್ದು
ಅವತ್ತು ಸಂಜೆ.

ಆ ನಡುಕ ಬಂದಾಗ, ಎಂದರು ಮೇಡಂ,
ಮೊಣಕೈ ಪಕ್ಕೆಗೆ ಒತ್ತು, ಭುಜ ಇಳಿಬಿಡು,
ಮೆಲ್ಲಗೆ ಉಸಿರಾಡು, ಅದು ತಾನಾಗಿ ತಗ್ಗುವವರೆಗೆ.
ಜಗಳ ಬೇಡ ಅದರ ಜೊತೆ. ಕೈಗೆ ಬೇರೆ ಕೆಲಸ ಕೊಡು, ಅಷ್ಟೆ.
ಅವನು ಒತ್ತಿದ. ನಾನೂ ಒತ್ತಿದೆ.
ಬಾಗಿಲ ಸಂದಿಯಲ್ಲಿ ಅತ್ತೆ
ಸೆರಗಿನೊಳಗೆ ಮೊಣಕೈ ಒತ್ತಿಕೊಂಡದ್ದು
ನನಗೆ ಕಂಡಿತು.

ಅವನಿಗೆ ದಿನಕ್ಕೆರಡು ಸಲ ಅಭ್ಯಾಸ,
ಮಾಡಿದ್ದಕ್ಕೊಂದು ನಕ್ಷತ್ರದ ಸ್ಟಿಕ್ಕರು.
ನನಗೆ ಒಂದೇ ಹೋಮ್‌ವರ್ಕು:
"ಅಭ್ಯಾಸ ಮಾಡಿದರೆ ಮೆಚ್ಚಿಕೊಳ್ಳಿ.
ಅದು ಬಂದಾಗ ಮಾತ್ರ ನೋಡಬೇಡಿ,
ಏನೂ ಆಗಿಲ್ಲದ ಹಾಗಿರಿ."

ಏನೂ ಆಗಿಲ್ಲದ ಹಾಗೆ!
ಹಿಟ್ಟು ನುಣುಪೋ ತರಿಯೋ ಬೆರಳ ತುದಿಯಲ್ಲೇ ಹೇಳುವವಳು,
ಕಲ್ಲಿನ ಸದ್ದು ಒಂದೆಳೆ ಬದಲಾದರೆ
ನಿದ್ದೆಯಿಂದ ಏಳುವವಳು ನಾನು.

ರಾತ್ರಿ ಊಟಕ್ಕೆ ಅವನೆದುರು ಕೂತು
ಗೋಡೆಯ ಕ್ಯಾಲೆಂಡರ್ ಓದಿದೆ.
ಹ್ಞುಕ್.
ಸಂಕಷ್ಟಿ ಗುರುವಾರ.
ಹ್ಞುಕ್, ಹ್ಞುಕ್.
ಇನ್ನೊಂಚೂರು ಸಾರು ಹಾಕ್ಲೇನ್ಲಾ?
ಮುದ್ದೆ ಗಂಟಲಲ್ಲಿ ನಿಂತಿತ್ತು, ನನ್ನ ಗಂಟಲಲ್ಲಿ.
ಆ ತಿಂಗಳ ರಾಹುಕಾಲವೆಲ್ಲ ಬಾಯಿಪಾಠವಾಯಿತು.

ಮೂರನೇ ವಾರ ಮೇಡಂ ಕೇಳುವ ಮುಂಚೆಯೇ ಚಾಡಿ ಹೇಳಿದ:
"ಅವ್ವ ನೋಡಕಿಲ್ಲ ಮೇಡಂ.
ಆದ್ರೆ ನೋಡ್ದೆ ಇರೋದು ಗೊತ್ತಾಯ್ತದೆ."
ಮೇಡಂ ನಕ್ಕರು. ನಾನು ನಗಲಿಲ್ಲ,
ಆಮೇಲೆ ನಕ್ಕೆ.

ಎಂಟು ವಾರವಾಯಿತು.
ಭುಜ ಎಷ್ಟೋ ಕಡಿಮೆ, ಕಣ್ಣು ಹಾಗೇ ಇದೆ,
ಪರೀಕ್ಷೆ ಬಂದರೆ ಹ್ಞುಕ್ ಕೂಡ ಬರುತ್ತದೆ.
ನಿನ್ನೆ ಚಿನಕುರಳಿಯಿಂದ ಬಂದ ಮುದುಕರೊಬ್ಬರು
ಮೂಟೆ ಇಳಿಸಿ, ಅವನನ್ನೇ ದಿಟ್ಟಿಸಿ,
"ಯಾಕ್ಲಾ ಮಗ, ಹಂಗ್ ಕಣ್ಣೊಡೀತೀಯ?" ಅಂದರು.
ನಾನು ಬಾಯಿ ತೆರೆದೆ.

"ಅದು ಟಿಕ್ಕು ಕಣಜ್ಜ. ಬತ್ತದೆ, ವೋಯ್ತದೆ.
ನಿಮ್ದು ರಾಗಿಯಾ, ಗೋದಿಯಾ?"

ಸ್ವಿಚ್ ಹಾಕಿದ.
ಬೆಲ್ಟು ನಡುಗಿತು. ನಾನು ಅದನ್ನೇ ನೋಡುತ್ತಿದ್ದೆ,
ಕಲ್ಲು ಹಿಡಿದುಕೊಳ್ಳುವವರೆಗೆ.