ಅಂಕೋಲಾ ಲೈನು

ಏಳು ನಲವತ್ತೊಂದು, ಹದಿನಾರು ಸೆಕೆಂಡು.
ಉತ್ತರಕ್ಕೆ, ಸದಾಶಿವಗಡದ ನೆತ್ತಿಯಿಂದ
ಚಾಚಿದ ಕೈಯ ಮುಷ್ಟಿಯ ಮೇಲೆ ಮುಷ್ಟಿ, ನಾಲ್ಕು.
ಅಲ್ಲಿ ನೋಡು. ಈಗೇನೂ ಇಲ್ಲ. ಇರಲಿ, ನೋಡು.

ಕೋಡಿಬಾಗದ ತಾರಸಿ. ಸಿಮೆಂಟು ಇನ್ನೂ ಬಿಸಿ.
ಪಕ್ಕದವರು ಒಣಹಾಕಿದ ಸೀಗಡಿ ತೆಗೆದಿಲ್ಲ.
ನನ್ನ ಎಚ್‌ಎಂಟಿ ಸಂಜೆ ವಾರ್ತೆಯ ಬೀಪಿಗೆ ಕೂಡಿಸಿದ್ದು.
ಮಡಿಲಲ್ಲಿ ಪಟ್ಟಿ: ಬಜಾರಿನ ಕಂಪ್ಯೂಟರ್ ಅಂಗಡಿಯ ಹುಡುಗ
ಪುಟಕ್ಕೆರಡು ರೂಪಾಯಿಯಂತೆ ತೆಗೆದುಕೊಟ್ಟದ್ದು.
‘ಏನು ಬಾಯಿ, ರೈಲಿನ ವೇಳಾಪಟ್ಟಿಯೇ?’ ಎಂದು ನಕ್ಕಿದ್ದ.
ಹೌದಪ್ಪ. ಹಳಿ ಮಾತ್ರ ಕಾಣುವುದಿಲ್ಲ.

ಮೊದಲು ಇರುವೆಯಷ್ಟು.
ಅವಸರವಿಲ್ಲದೆ ಜಾರುತ್ತ ಬರುತ್ತದೆ,
ಆಮೇಲೆ ಒಮ್ಮೆಗೇ ಉರಿ!
ಯಾರೋ ಮೇಲಿನ ಮಾಳಿಗೆಯಿಂದ
ಕೈಗನ್ನಡಿ ತಿರುವಿ ಕಣ್ಣಿಗೆ ಬಿಟ್ಟಂತೆ.
ಶುಕ್ರನೂ ಸಪ್ಪೆ.
ಐದು ಎಣಿಸುವುದರೊಳಗೆ ಮತ್ತೆ ಇರುವೆ,
ಮತ್ತೆ ಏನಿಲ್ಲ.
ದೇವಗಡದ ದೀಪಸ್ತಂಭ ತನ್ನ ಪಾಡಿಗೆ ತಾನು
ಮಿಣುಕುತ್ತಿದೆ. ಅದಕ್ಕೆ ಸುದ್ದಿಯೇ ಇಲ್ಲ.

ನಮಗೆ ಹೊತ್ತು ಮುಳುಗಿ ಮುಕ್ಕಾಲು ಗಂಟೆ.
ಅಷ್ಟು ಮೇಲೆ ಇನ್ನೂ ಬಿಸಿಲು.
ಟೆಲಿಫೋನಿನ ಉಪಗ್ರಹವಂತೆ ಅದು,
ಬಾಗಿಲಿನಷ್ಟಗಲದ ನುಣುಪು ತಗಡಂತೆ.
ನಾನು ಇಪ್ಪತ್ತೊಂಬತ್ತು ವರ್ಷ ಕಾರವಾರ ಎಕ್ಸ್‌ಚೇಂಜಿನಲ್ಲಿ
ತೂತಿಗೆ ತೂತು ವಯರು ಚುಚ್ಚಿ
ಸಾವು, ಹೆರಿಗೆ, ಬಾಂಗಡೆ ದರ, ಬರೀ ಉಸಿರು
ಎಲ್ಲ ದಾಟಿಸಿದವಳು.
ನನ್ನ ಕೆಲಸವನ್ನೇ ಯಾರೋ ಅಷ್ಟು ಎತ್ತರದಲ್ಲಿ ಮಾಡುವಾಗ
ನೋಡದೆ ಒಳಗೆ ಕೂತಿರುವುದು ಹೇಗೆ?

ಅಂಕೋಲೆಯ ತುದಿಯಲ್ಲಿ ಪುರುಸು ಮಹಾಲೆ.
ಮುಖ ಕಂಡಿಲ್ಲ. ರಾತ್ರಿಪಾಳಿಯ ದನಿ ಮಾತ್ರ:
‘ಸಾಂಗ್ ಗೋ, ಕಾರವಾರ.’
ನಿವೃತ್ತಿಯಾದ ಮೇಲೂ ಅದೇ ದನಿ, ಅದೇ ಕೆಮ್ಮು.
ನಾನೇ ಹಚ್ಚಿದ ಹುಚ್ಚು ಅವನಿಗೆ.
ಫೋನು ಕಿವಿಗೆ ಒತ್ತಿ ಇಬ್ಬರೂ ಮೇಲೆ ನೋಡುವುದು.
‘ಬಂತು… ಬಂತು…’
‘ದಿಸ್ಲೆಂ, ದಿಸ್ಲೆಂ!’
‘ಹೋಯ್ತು.’
‘ಗೆಲೆಂ.’
ನೋಟುಬುಕ್ಕಿನಲ್ಲಿ ಎರಡು ಕಂಬಸಾಲು,
ಕಾರವಾರ, ಅಂಕೋಲಾ. ಎರಡಕ್ಕೂ ಗುರುತು.

ಆದರೆ ಆ ಬೆಳಕು ಊರೂರಿಗೆ ಒಂದೇ ಅಲ್ಲ.
ನೆಲದ ಮೇಲೆ ಬಿದ್ದ ಕನ್ನಡಿಯ ಚೂರು ಬಿಸಿಲು,
ಇಲ್ಲಿ ಕಣ್ಣು ಕುಕ್ಕಿದ್ದು
ಹತ್ತು ಹರದಾರಿ ಆಚೆ ಬರೀ ಮಸುಕು.
ಒಂದು ಮಾರ್ಚಿ ಸಂಜೆ ಪಟ್ಟಿ ಹೇಳಿತು:
ಅಂಕೋಲೆಗೆ ಇಂದು ಹುಡುಕಿದರೂ ಸಿಗದಷ್ಟು.
ಪುರುಸು ಕೂಗಿದ: ‘ಬಾಪ್ರೇ! ತೆಂಗಿನ ನೆರಳೇ ಬಿತ್ತು ಗೋ!’

ಬರೆಯುವ ಪೆನ್ನು ಅಲ್ಲೇ ನಿಂತಿತು.

ಅವನ ಅಕ್ಕನ ಮಗ ಒಮ್ಮೆ ಆಸ್ಪತ್ರೆಯಲ್ಲಿ ಸಿಕ್ಕ.
‘ಮಾಮನಿಗೆ ಕಾಚಬಿಂದು. ಎರಡು ವರ್ಷವಾಯ್ತು.
ಬಸಿಯ ಅಂಚು ಬೆರಳಲ್ಲಿ ಹುಡುಕಿ ಚಹಾ ಕುಡಿಯುತ್ತಾನೆ.
ಸಂಜೆ ಮಾತ್ರ ಹೊತ್ತಿಗೆ ಸರಿಯಾಗಿ ಅಂಗಳಕ್ಕೆ ಕುರ್ಚಿ ಹಾಕಿಸುತ್ತಾನೆ.’
ಎರಡು ವರ್ಷ. ಐವತ್ತಮೂರು ಗುರುತು.
ಮನೆಗೆ ಬಂದು ರಬ್ಬರು ತೆಗೆದೆ.
ಪೆನ್ಸಿಲ್ ಅಲ್ಲ, ಶಾಯಿ. ಮತ್ತೆ ಡಬ್ಬಿಗೆ ಹಾಕಿದೆ.

ಆ ಕನ್ನಡಿಯವು ಈಗ ಇಲ್ಲ.
ಒಂದೊಂದನ್ನೇ ಇಳಿಸಿ ಗಾಳಿಯಲ್ಲಿ ಸುಟ್ಟರಂತೆ.
ಹೊಸವು ಬರುತ್ತವೆ, ಹೋಗುತ್ತವೆ,
ಅಂಥ ಹೊಳಪಿಲ್ಲ ಅವಕ್ಕೆ.
ಹುಡುಗನ ಅಂಗಡಿಯಲ್ಲಿ ಮೊಬೈಲಿನ ಕವರು ನೇತಾಡುತ್ತಿವೆ.

ನಿನ್ನೆ ಆರ್ಗಾದ ಕಡೆ ದೀಪದ ಮಬ್ಬು,
ಕೂರ್ಮಗಡದ ಮೇಲೆ ಮೋಡದ ಚಿಂದಿ.
ತಾರಸಿ ಹತ್ತಿ, ಮಂಡಿ ಹಿಡಿದು ಕೂತು,
ಅಂಕೋಲೆಗೆ ಹಚ್ಚಿದೆ.
ಏಳು ಮೂವತ್ತೆಂಟು ಎಂದೆ. ಮುಷ್ಟಿ ಮೂರೂವರೆ ಎಂದೆ.
ಆಚೆ ಕುರ್ಚಿ ಕಿರ್ರೆಂದು ಉತ್ತರಕ್ಕೆ ತಿರುಗಿದ ಸದ್ದು.
‘ಬಂತು,’ ಎಂದೆ, ‘ಬಂತು…’
ಖಾಲಿ ಆಕಾಶವನ್ನು ನೋಡುತ್ತಲೇ.
ಐದು ಎಣಿಸಿ, ‘ಹೋಯ್ತು.’

ಪುರುಸು ಸ್ವಲ್ಪ ಹೊತ್ತು ಸುಮ್ಮನಿದ್ದ. ಕೆಮ್ಮಿದ.
‘ನಿನ್ನ ಗಡಿಯಾರ ಮುಂದಿದೆ ಗೋ.
ಇಲ್ಲಿ ಇನ್ನೂ ಇದೆ.’